ಬೊಂಬೆ ನುಂಗಿದ ಅಕ್ಷರ

ನಮ್ಮೂರಿನಲ್ಲಿ ಓದಿದ್ದು ನಡೆಯುತ್ತದೆ. ಬೇರೆ ಊರುಗಳಲ್ಲಿ ನಡೆದದ್ದನ್ನು ಬರೆದು, ಬರೆದದ್ದನ್ನು ಓದುತ್ತಾರಂತೆ. ನಮ್ಮಲ್ಲಿ ಕ್ರಮ ಹಿಂದುಮುಂದು. ಸೋಮವಾರ ಸಂಜೆ ಛತ್ರದ ಜಗಲಿಯ ಮೇಲೆ ನಮ್ಮಪ್ಪ ಊರಪದವೆಂಬ ನಮ್ಮೂರ ಕಾವ್ಯದ ಕಟ್ಟು ಬಿಚ್ಚಿ, ಅದರ ನಾಯಕ ಹರಿಗೋಲರಾಯನು ಹುರುಳಿ ಬಿತ್ತಿದ ಪದ್ಯ ಓದಿದರೆ ಮಾರನೆಯ ಬೆಳಿಗ್ಗೆ ಊರವರು ಹುರುಳಿ ಚೀಲ ಹೊತ್ತು ಹೊಲಕ್ಕೆ ಹೋಗುತ್ತಿದ್ದರು. ಹೋಗದೆ ಮನೆಯಲ್ಲಿ ಕುಳಿತವರ ಹಿತ್ತಿಲಲ್ಲಿ, ಒಗೆಯುವ ಕಲ್ಲಿನ ಸಂದಿನಲ್ಲಿ, ಹುರುಳಿ ತಾನಾಗಿ ಮೊಳೆಯುತ್ತಿತ್ತು. ಅದನ್ನು ಕಿತ್ತು ಸಾಕಾಗುವುದಕ್ಕಿಂತ ಹೋಗಿ ಬಿತ್ತುವುದೇ ಅನುಕೂಲವೆಂದು ಎಲ್ಲರೂ ಕಂಡುಕೊಂಡಿದ್ದರು.

ಹೀಗಿರುವುದರಿಂದ ಏನನ್ನು ಓದಬೇಕು, ಏನನ್ನು ಓದಬಾರದು ಎಂಬುದರಲ್ಲಿ ಹಿರಿಯರು ಬಹಳ ಎಚ್ಚರ ವಹಿಸಿದ್ದರು. ಯುದ್ಧಸಂಧಿಯ ಹಾಳೆಗಳನ್ನು ಯಾವ ಕಾಲದಲ್ಲೋ ಗೋಣಿದಾರದಿಂದ ಹೊಲಿದಿಟ್ಟಿದ್ದರು. ಬರಗಾಲದ ಪದ್ಯಗಳ ಮೇಲೆ ಅಂಬಲಿ ಚೆಲ್ಲಿ ಕಾಣದಂತೆ ಮಾಡಿದ್ದರು. ಬೀಗರು ಬಂದು ಹೊರಡುವ ಮಾತೇ ಎತ್ತದಿದ್ದಾಗ ಆ ಮನೆಯ ಯಜಮಾನರು ನಮ್ಮ ಬಾಗಿಲಿಗೆ ಬಂದು ತಲೆ ಕೆರೆಯುತ್ತ ನಿಲ್ಲುತ್ತಿದ್ದರು. ಅಪ್ಪ ಆ ವಾರ ರಾಯನು ನೆಂಟರನ್ನು ಬೀಳ್ಕೊಟ್ಟ ಭಾಗವನ್ನು ಓದುತ್ತಿದ್ದರು.

ಅಪ್ಪನ ಹೆಸರು ನರಸಯ್ಯ. ಓದುವುದು ನಮ್ಮ ಮನೆತನದ ಕೆಲಸ. ಹೆಂಗಸರು ಓದುವ ಪದ್ಧತಿ ಇರಲಿಲ್ಲ, ಕೇಳುವ ಪದ್ಧತಿ ಇತ್ತು. ನನಗೆ ಅದರಿಂದ ಬೇಸರವೇನೂ ಆಗಲಿಲ್ಲ. ಅಮ್ಮ ನಾನು ಹಾಲು ಕುಡಿಯುವ ಕೂಸಾಗಿರುವಾಗಲೇ ಹೋದಳು. ನನ್ನನ್ನು ಸಾಕಿದ್ದು ಅಪ್ಪನ ಅಕ್ಕ ರಂಗತ್ತೆ, ಮಲಗಿಸಿದ್ದು ಪದ್ಯಗಳು. ಅಪ್ಪ ಬೆಳಗಿನ ಜಾವ ಓದಿನ ಸಾಧನೆಗೆ ಕುಳಿತರೆ ನಾನು ಎದುರಿಗೆ ಕುಳಿತು ಕೇಳುತ್ತಿದ್ದೆ. ದೇವರ ಮುಂದೆ ದೀಪ ಹೇಗೋ ಹಾಗೆ. ಅಪ್ಪ ಹೇಳುತ್ತಿದ್ದರು: "ಗೋದೂ, ಓದೋನ ನಾಲಿಗೆ ಜಾರಿದ್ರೆ ಊರೇ ಜಾರತ್ತೆ. ನೀನು ಎದುರಿಗೆ ಕೂತಿದ್ರೆ ನಂಗೆ ಪದ ತಪ್ಪಲ್ಲ ನೋಡು." ನನ್ನ ಹೆಸರು ಗೋದಾವರಿ. ಊರಿಗೆಲ್ಲ ಗೋದೂ.

ಅಪ್ಪನಿಗೆ ಉಬ್ಬಸ ಶುರುವಾದಾಗ ಊರಿಗೆ ಯೋಚನೆ ಹತ್ತಿತು. ಉಬ್ಬಸದವರು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೋ ಹೇಳಲಾಗದು. ಪದದ ನಡುವೆ ಉಸಿರು ಸಿಕ್ಕಿಕೊಂಡರೆ ಅರ್ಥ ಎಲ್ಲಿಗೆ ಹೋಗಿ ನಿಲ್ಲುವುದೋ. ಶಿಷ್ಯನೊಬ್ಬನನ್ನು ತಯಾರು ಮಾಡಿದರು. ಕಂಠ ಚೆನ್ನಾಗಿತ್ತು, ಆದರೆ ಅವನಿಗೆ ಳಕಾರ ಹೊರಳುತ್ತಿರಲಿಲ್ಲ. ರಾಯನ ತೋಟದ ತುಂಬ ಬಾಳೆ ಎಂದು ಓದಬೇಕಾದಲ್ಲಿ ಬಾಲೆ ಎಂದು ಓದಿದ. ಬೆಳಗಾಗುವಷ್ಟರಲ್ಲಿ ಊರಿನ ಒಂದೊಂದು ತೋಟದಲ್ಲೂ ಯಾವ ಯಾವುದೋ ಊರಿನ ಹುಡುಗಿಯರು ಜಡೆ ಹೆಣೆದುಕೊಂಡು ಸಾಲಾಗಿ ನಿಂತಿದ್ದರು. ಅವರಿಗೆಲ್ಲ ಉಪ್ಪಿಟ್ಟು ಮಾಡಿ ಹಾಕಿ, ಮನೆ ಮನೆ ವಿಚಾರಿಸಿ ಬಿಟ್ಟುಬರುವ ಹೊತ್ತಿಗೆ ಸುಗ್ಗಿ ಮುಗಿದಿತ್ತು. ಶಿಷ್ಯ ಆಮೇಲೆ ಕಿರಾಣಿ ಅಂಗಡಿ ಇಟ್ಟ. ಅಲ್ಲಿಯೂ ಬೇಳೆಗೆ ಬೇಲೆ ಎಂದೇ ಹೇಳುತ್ತಿದ್ದ. ಅಂಗಡಿಯಲ್ಲಿ ಅದರಿಂದ ತೊಂದರೆಯಿರಲಿಲ್ಲ.

ಆಗ ಮುಂದೆ ಬಂದವರು ತಮ್ಮಯ್ಯಶೆಟ್ಟರು. ಕೆರೆಯ ಹಿಂದಿನ ದಿಬ್ಬದ ಮೇಲೆ ಅವರು ಒಂದು ಪಾರ್ಕು ಮಾಡಿದ್ದರು. ಅಲ್ಲಿ ಪುಟಾಣಿ ರೈಲು, ತಿರುಗುವ ತೊಟ್ಟಿಲು, ಬಾಯಿ ತೆರೆದ ಮೊಸಳೆಯೊಳಗಿಂದ ಜಾರುವ ಜಾರುಬಂಡೆ ಎಲ್ಲ ಇದ್ದವು. ಜನ ಮಾತ್ರ ಇರಲಿಲ್ಲ. ಶೆಟ್ಟರು ದೂರದ ಶಹರದಲ್ಲಿ ಮಾತಾಡುವ ಬೊಂಬೆಗಳನ್ನು ನೋಡಿ ಬಂದಿದ್ದರು. ಛತ್ರದಲ್ಲಿ ಎಲ್ಲರನ್ನೂ ಸೇರಿಸಿ ಹೇಳಿದರು: "ನರಸಯ್ಯನೋರ ಗಂಟಲು ಸರಿಯಿದ್ದಾಗ್ಲೇ ಟೇಪಿನಲ್ಲಿ ಹಿಡ್ಕೊಂಡುಬಿಡೋಣ. ಹರಿಗೋಲರಾಯನ ಬೊಂಬೆ ಮಾಡ್ಸಿ ಅದರ ಬಾಯಿಂದ ಬಿಡೋಣ. ಬೊಂಬೆಗೆ ಉಬ್ಬಸ ಬರಲ್ಲ, ನಾಲಿಗೆ ಹೊರಳದೇ ಇರಲ್ಲ, ದಕ್ಷಿಣೆ ಕೇಳಲ್ಲ." ಬೊಂಬೆ ಓದಿದರೆ ಅದು ಓದು ಎನಿಸುವುದೇ ಎಂದು ಕೆಲವರು ಕೇಳಿದರು. "ಓದಿಸಿ ನೋಡೋಣ. ನಡೆದ್ರೆ ಓದು, ನಡೀದಿದ್ರೆ ಆಟ" ಎಂದರು ಶೆಟ್ಟರು.

ಬೊಂಬೆಗಳು ಲಾರಿಯಲ್ಲಿ ಬಂದವು. ರಾಯನಿಗೆ ರಬ್ಬರಿನ ಮುಖ, ಕೆಳದವಡೆ ಆಡುತ್ತಿತ್ತು, ಬಲಗೈ ಆಶೀರ್ವಾದಕ್ಕೆ ಏಳುತ್ತಿತ್ತು. ರಾಣಿ ಕತ್ತು ಹೊರಳಿಸುತ್ತಿದ್ದಳು. ಗಿಳಿ ರೆಕ್ಕೆ ಬಿಚ್ಚುತ್ತಿತ್ತು. ಜೊತೆಗೆ, ಬೇರೆ ಯಾರೋ ಮುಂಗಡ ಕೊಟ್ಟು ಒಯ್ಯದೆ ಬಿಟ್ಟಿದ್ದ ಒಂದು ಆನೆಯನ್ನೂ ಕಂಪನಿಯವರು ಸುಮ್ಮನೆ ಕಳಿಸಿದ್ದರು. ಅದರ ಒಂದು ಕಿವಿ ಮಾತ್ರ ಬೀಸುತ್ತಿತ್ತು. ಊರಪದದಲ್ಲಿ ಆನೆಯ ಪ್ರಸ್ತಾಪವೇ ಇಲ್ಲ. ಆದರೆ ನಮ್ಮೂರಿನಲ್ಲಿ ಕಂಡದ್ದಕ್ಕೆ ಅಂಥ ಬೆಲೆಯಿಲ್ಲ, ಕೇಳಿದ್ದಕ್ಕೆ ಮಾತ್ರ. ಆದ್ದರಿಂದ ಆನೆಯನ್ನು ಮೂಲೆಯಲ್ಲಿ ನಿಲ್ಲಿಸಿದರು. ಇವೆಲ್ಲ ಆಡುತ್ತಿದ್ದುದು ಗಾಳಿಯಿಂದ. ವೇದಿಕೆಯ ಹಿಂದೆ ದೊಡ್ಡ ಉರುಳೆಯೊಂದು ಗಾಳಿ ತುಂಬಿ ಕೊಡುತ್ತಿತ್ತು, ಅಲ್ಲಿಂದ ಕೊಳವೆಗಳು ಬೊಂಬೆಗಳ ಬೆನ್ನಿನೊಳಕ್ಕೆ ಹೋಗಿದ್ದವು.

ಅಪ್ಪನ ಓದನ್ನು ಟೇಪಿಗೆ ಹಿಡಿದದ್ದು ಪಾರ್ಕಿನ ಟಿಕೆಟ್ ಕೋಣೆಯಲ್ಲಿ, ಕಿಟಕಿಗಳಿಗೆ ಹಾಸಿಗೆ ಒಡ್ಡಿ. ನಾನು ಎಂದಿನಂತೆ ಎದುರಿಗೆ ಹೋಗಿ ಕುಳಿತೆ. ಟೇಪಿನವನು ಕಿವಿಯ ಮೇಲಿನ ಬಟ್ಟಲು ಎತ್ತಿ, "ಅಕ್ಕಾ, ನಿಮ್ಮ ಬಳೆ ಸದ್ದು ಬೀಳತ್ತೆ. ಆಚೆ ಕೂತ್ಕೊಳ್ಳಿ" ಎಂದ. ನನ್ನ ಮದುವೆ ಹತ್ತಿರ ಬಂದಿತ್ತು. ಕೈತುಂಬ ಹಸಿರು ಬಳೆ ಇಡಿಸಿದ್ದರು, ತೆಗೆಯುವ ಹಾಗಿರಲಿಲ್ಲ. ನಾನು ಎದ್ದು ಹೊರಗೆ, ಪುಟಾಣಿ ರೈಲಿನ ನೆರಳಿನಲ್ಲಿ ಕುಳಿತೆ. ನಾನು ಹುಟ್ಟಿದ ಮೇಲೆ ಅಪ್ಪ ನಾನಿಲ್ಲದೆ ಓದಿದ್ದು ಅದೊಂದೇ ದಿನ.

ನನ್ನನ್ನು ಕೊಟ್ಟದ್ದು ಹೊಳೆಯಾಚೆಯ ಒಂದು ಊರಿಗೆ. ಹುಡುಗ ಮುಕುಂದರಾಯರು ಅಣ್ಣನ ಜೊತೆ ಸೇರಿ ಹಾರ್ಮೋನಿಯಂ ರಿಪೇರಿ ಅಂಗಡಿ ಇಟ್ಟಿದ್ದರು. ರಂಗತ್ತೆಗೆ ಅದು ಅಷ್ಟು ಮನಸ್ಸಿಗೆ ಬರಲಿಲ್ಲ. "ತಿದಿಗೆ ತೇಪೆ ಹಾಕೋ ಕೆಲಸವಂತೆ ಕಣೇ. ಗಾಳಿ ನಂಬ್ಕೊಂಡು ಬದುಕೋ ಗಂಡು" ಎಂದಳು. ಮದುವೆಯ ದಿನ ಹೆಂಡತಿಯ ಹೆಸರು ಹೇಳಿಸುವ ಶಾಸ್ತ್ರದಲ್ಲಿ ಅವರು ತಲೆ ಬಗ್ಗಿಸಿಕೊಂಡು, "ಗೋದಿ" ಎಂದರು. ನೆರೆದವರೆಲ್ಲ ನಕ್ಕರು. "ಹಂಗಾದ್ರೆ ಬೀಸಿಸ್ಕೊಂಡೇ ಕರ್ಕೊಂಡ್ಹೋಗಿ!" ಎಂದಳು ರಂಗತ್ತೆ. ಅಂದಿನಿಂದ ಲೋಕಕ್ಕೆಲ್ಲ ನಾನು ಗೋದೂ, ಅವರೊಬ್ಬರಿಗೆ ಗೋದಿ.

ಬೊಂಬೆ ದರ್ಬಾರಿನ ಮೊದಲ ಪ್ರದರ್ಶನ ಬಿದ್ದದ್ದು ನಾನು ಗಂಡನ ಮನೆಗೆ ಹೊರಡುವ ದಿನವೇ. ಪ್ರದರ್ಶನ ಮುಗಿಸಿ, ಪಾರ್ಕಿನ ಬಾಗಿಲಿನಿಂದಲೇ ಬಸ್ಸು ಹತ್ತುವುದೆಂದು ನಿಶ್ಚಯವಾಗಿತ್ತು. ಹೊಸ ಅಳಿಯಂದಿರೆಂದು ನಮ್ಮವರನ್ನು ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ಮಡಿಲಲ್ಲಿ ಕಂದು ಬಣ್ಣದ ಸೂಟ್‌ಕೇಸು. ಅಪ್ಪ ಪಕ್ಕದಲ್ಲಿ ಕಣ್ಣು ಮುಚ್ಚಿ ಕುಳಿತಿದ್ದರು. ಪರದೆ ಸರಿಯಿತು. ರಾಣಿ ಕತ್ತು ಹೊರಳಿಸಿದಳು. ರಾಯ ದವಡೆ ಬಿಟ್ಟ. ಅಪ್ಪನ ಕಂಠ ಬಂತು. ಸಭೆಯೆಲ್ಲ ಕೈ ಮುಗಿಯಿತು. ಕೊನೆಯಲ್ಲಿ ಮಂಗಳದ ಪದ್ಯ:

ಹೊಳೆಯ ದೋಣಿಗೆ ದಡವು ದೊರಕಲಿ
ಬಳೆಯ ಕೈಗಳ ಕಣಜ ತುಂಬಲಿ
ಅಳಿಯದಿರಲೀ ನಮ್ಮ ಊರಿನ ಹಳೆಯ ನುಡಿಬೆಳಕು

ಎಂದು ಅದರ ಪಾಠ. ಆದರೆ ಮೂರನೆಯ ಸಾಲಿಗೆ ಸರಿಯಾಗಿ ರಾಯನ ಬಲಗೈ ಆಶೀರ್ವಾದಕ್ಕೆ ಏಳಬೇಕಿತ್ತು. ಕೈ ಎದ್ದಿತು, ಎದ್ದ ಕೂಡಲೆ ಅವನ ಕಂಕುಳಿನಿಂದ "ಸುಸ್ಸ್" ಎಂದು ಗಾಳಿ ಹೊರಟಿತು. ದಿ ಬರಬೇಕಾದ ಜಾಗ ಆ ಸದ್ದಿನಲ್ಲಿ ಮುಳುಗಿತು. ನಮ್ಮೆಲ್ಲರ ಕಿವಿಗೆ ಬಿದ್ದದ್ದು "ಅಳಿಯ… ಇರಲೀ ನಮ್ಮ ಊರಿನ" ಎಂದು.

ಸಭೆಯಲ್ಲಿದ್ದವರೆಲ್ಲ ನಿಧಾನವಾಗಿ ಮುಂದಿನ ಸಾಲಿನ ಕಡೆ ತಿರುಗಿ ನಮ್ಮವರನ್ನು ನೋಡಿದರು. ನಮ್ಮವರು ಸೂಟ್‌ಕೇಸನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡರು. "ನರಸಯ್ಯನೋರೇ, ದಕಾರ ಎಲ್ಲಿ?" ಎಂದು ಹಿಂದಿನಿಂದ ಯಾರೋ ಕೂಗಿದರು. ಅಪ್ಪ ಕಣ್ಣು ತೆರೆಯದೆ, "ಓದಿದ್ದಾಯ್ತು. ಕೇಳಿದ್ದೂ ಆಯ್ತು" ಎಂದರು. ಮಂಗಳ ಹಾಡಿದ ಮೇಲೆ ತಿದ್ದಬಾರದೆಂಬುದು ಓದುವವರ ನೇಮ. ಅದು ಎಲ್ಲರಿಗೂ ಗೊತ್ತಿತ್ತು.

ಬಸ್ಸು ಬಂತು. ದಿಬ್ಬಣದವರೆಲ್ಲ ಹತ್ತಿದರು. ನಮ್ಮವರು ಹತ್ತಿದರು, ಬಸ್ಸು ನಿಂತುಹೋಯಿತು. ಡ್ರೈವರು ಬಾನೆಟ್ ತೆಗೆದು ನೋಡಿದ, ಏನೂ ಆಗಿರಲಿಲ್ಲ. ನಮ್ಮವರು ಏನಾಯಿತೆಂದು ನೋಡಲು ಇಳಿದರು, ಬಸ್ಸು ಶುರುವಾಯಿತು. ಹತ್ತಿದರು, ನಿಂತಿತು. ಕಂಡಕ್ಟರ್ ಹಾಲಪ್ಪ ನಮ್ಮೂರಿನವನೇ. ಅವನಿಗೆ ತಕ್ಷಣ ಅರ್ಥವಾಯಿತು. "ಸ್ವಾಮೀ, ತಾವು ಈ ಊರಿನ ಅಳಿಯಾನಾ?" ಎಂದ. ನಮ್ಮವರಿಗೆ ರೇಗಿತು. "ನಾನು ಯಾವ ಅಳಿಯನೂ ಅಲ್ಲ. ಇವರ ಮಗಳನ್ನ ಮದುವೆಯಾಗಿದೀನಿ, ಅಷ್ಟೆ." ಹಾಲಪ್ಪ ಸಮಾಧಾನದಿಂದ, "ಅಳಿಯ ಅಲ್ಲ, ಮಗಳ ಗಂಡ. ಸರಿ. ಇಳೀರಿ" ಎಂದ. ಬೀಗರು ಕಿಟಕಿಯಿಂದ ಕೈ ಬೀಸುತ್ತ ಹೋದರು. ದಿಬ್ಬಣ ಮದುಮಗನನ್ನು ಬಿಟ್ಟು ಹೋಗಿದ್ದು ಆ ಸೀಮೆಯಲ್ಲಿ ಅದೇ ಮೊದಲು. ಶೆಟ್ಟರು ಮಾತ್ರ ಸಂತೋಷದಲ್ಲಿದ್ದರು: "ನಡೀತಲ್ಲ! ಬೊಂಬೆ ಓದೂ ಓದೇ!"

ಆಮೇಲೆ ತಾನೆ ಶೆಟ್ಟರಿಗೆ ಹೊಳೆದದ್ದು, ತಾವೂ ಊರಿನ ಹುಡುಗಿಯನ್ನೇ ಮದುವೆಯಾದವರೆಂದು. ವ್ಯಾಪಾರಕ್ಕೆಂದು ಮಾರನೆಯ ದಿನ ಬಸ್ಸು ಹತ್ತಿದರು, ಇಳಿದರು. ಬಸ್ಸು ಒಲ್ಲದಿದ್ದರೆ ಏನಾಯಿತು ಎಂದು ನಡೆದು ಹೊರಟವರೂ ಇದ್ದರು. ಅವರು ಊರಾಚೆಯ ಸುಂಕದ ಗೇಟಿನವರೆಗೆ ಚೆನ್ನಾಗಿಯೇ ಹೋಗುತ್ತಿದ್ದರು. ಗೇಟಿನ ಹತ್ತಿರ ಏನೋ ಮರೆತಂತಾಗಿ, ಜೇಬು ತಡಕಿಕೊಂಡು, ತಿರುಗಿ ಬರುತ್ತಿದ್ದರು. ಮನೆಗೆ ಬಂದರೆ ಏನು ಮರೆತದ್ದೆಂದು ನೆನಪಾಗುತ್ತಿರಲಿಲ್ಲ. ಹೆಂಡತಿಯರು "ಬಂದ್ರಾ? ಕೈಕಾಲು ತೊಳ್ಕೊಳ್ಳಿ" ಎನ್ನುತ್ತಿದ್ದರು.

ಊರು ಹೊಂದಿಕೊಂಡಿತು. ಮೊದಲ ದೀಪಾವಳಿಗೆ ಅತ್ತೆಯಂದಿರು ಅಳಿಯಂದಿರಿಗೆ ಕಾಯಿಹೋಳಿಗೆ, ರೇಷ್ಮೆಪಂಚೆ, ಎಣ್ಣೆಸ್ನಾನ ಎಲ್ಲ ಮಾಡಿದರು. ಎರಡನೆಯ ದೀಪಾವಳಿಗೆ ಹೋಳಿಗೆ ಮಾತ್ರ. ಮೂರನೆಯದಕ್ಕೆ ಕೊಡ ಕೊಟ್ಟು ನೀರು ಸೇದಲು ಕಳಿಸಿದರು. ಮನೆಮನೆಯಲ್ಲೂ ಅಳಿಯನ ಕೋಣೆ ಎಂದು ಒಂದೊಂದು ಕೋಣೆ ಎದ್ದಿತು. ಊರಿನ ಹುಡುಗಿಯರಿಗೆ ಹೊರಗಿನ ಗಂಡು ಸಿಗುವುದು ಕಷ್ಟವಾಯಿತು. ಆದರೆ ದಾಯಾದಿಗಳ ಜಗಳ ತಪ್ಪಿಸಿಕೊಳ್ಳುವವರು, ಸಾಲಗಾರರಿಗೆ ಮುಖ ತೋರಿಸಲಾರದವರು ತಾವಾಗಿ ಹುಡುಕಿಕೊಂಡು ಬಂದರು. ಅವರೇ ಒಳ್ಳೆಯ ಅಳಿಯಂದಿರಾದರು. ಬಸ್ಸು ಹೊರಡುವ ಮುಂಚೆ ಹಾಲಪ್ಪ "ಅಳಿಯಂದ್ರು ಯಾರಾದ್ರೂ ಇದೀರಾ?" ಎಂದು ಕೇಳಿ ಸೀಟಿ ಊದುವುದು ರೂಢಿಯಾಯಿತು.

ನಮ್ಮವರಿಗೆ ಪಾರ್ಕಿನಲ್ಲಿ ಕೆಲಸ ಸಿಕ್ಕಿತು. ಗಾಳಿಯ ವಿಷಯ ತಿಳಿದವರು ಊರಿನಲ್ಲಿ ಬೇರೆ ಯಾರೂ ಇರಲಿಲ್ಲ. ಅವರೇ ದರ್ಬಾರು ನಡೆಸಿದರು. ಬಿಸಿಲಿಗೆ ರಾಯನ ಮುಖ ಬಿರುಕುಬಿಟ್ಟಾಗ ರಂಗತ್ತೆ ಹರಳೆಣ್ಣೆ ಹಚ್ಚಲು ಹೇಳಿದಳು. ಹಚ್ಚಿದರು, ರಾಯನಿಗೆ ಕಳೆ ಬಂತು. ಗಿಳಿಯನ್ನು ಕೋತಿಗಳು ಕಿತ್ತುಕೊಂಡು ಹೋದವು. ಸ್ವಲ್ಪ ಕಾಲ ಕೆರೆಯೇರಿಯ ಮರದಲ್ಲಿ ಅದರ ರೆಕ್ಕೆ ಕಾಣುತ್ತಿತ್ತು. ರಾಣಿಯ ಕತ್ತು ಒಂದೇ ಕಡೆ ಹೊರಳಿ ನಿಂತಿತು. ಅವಳು ಆನೆಯನ್ನು ನೋಡುತ್ತಿದ್ದಾಳೆಂದು ಮಕ್ಕಳು ಹೇಳತೊಡಗಿದರು. ಇಷ್ಟೆಲ್ಲ ರಿಪೇರಿ ಮಾಡುತ್ತಿದ್ದವರಿಗೆ ರಾಯನ ಕಂಕುಳಿನ ಸದ್ದೊಂದು ಮಾತ್ರ ನಿಲ್ಲಿಸಲಾಗಲಿಲ್ಲ. ಅದಕ್ಕೊಂದು ವಾಷರು ಬೇಕಂತೆ. ಮದುವೆಯಾಗದ ಯಾರನ್ನಾದರೂ ಶಹರಕ್ಕೆ ಕಳಿಸಿ ತರಿಸುತ್ತಿದ್ದರು, ಪ್ರತಿ ಸಲವೂ ಅಳತೆ ತಪ್ಪುತ್ತಿತ್ತು. ಅಳತೆ ಬರೆದು ಕೊಡುತ್ತಿದ್ದವರು ನಮ್ಮವರೇ. ಸದ್ದು ವರ್ಷದಿಂದ ವರ್ಷಕ್ಕೆ ಜೋರಾಯಿತು.

ಊಟಕ್ಕೆ ಕುಳಿತಾಗ ಅಪ್ಪ ಅಪರೂಪಕ್ಕೆ ಕೇಳುತ್ತಿದ್ದರು: "ಅಳಿಯಂದ್ರೇ, ಆ ಗಾಳಿ ಸದ್ದು ಸರಿಹೋಯ್ತಾ?"

"ಇಲ್ಲ ಮಾವ. ವಾಷರು ಸಿಗಲಿಲ್ಲ."

"ಹೋಗ್ಲಿ ಬಿಡಿ. ಇನ್ನೊಂಚೂರು ಸಾರು ಹಾಕಿಸ್ಕೊಳ್ಳಿ."

ಇಬ್ಬರ ನಡುವೆ ಇದಕ್ಕಿಂತ ಉದ್ದದ ಮಾತು ನಾನು ಕೇಳಿದ್ದಿಲ್ಲ. ನನಗೆ ಮಾತ್ರ ಒಳಗೊಳಗೆ ಒಂದು ಮುಳ್ಳು. ಕೇಳುವುದೊಂದೇ ಬರುವವಳಿಗೆ ಕೇಳದೆ ಉಳಿದ ಮಾತು ಬಹಳ ದೊಡ್ಡದಾಗಿ ಕೇಳಿಸುತ್ತದೆ. ಈ ಮನುಷ್ಯ ನನ್ನ ಜೊತೆ ಇದ್ದಾರೆಯೋ, ಬಸ್ಸು ಹೊರಡುವುದಿಲ್ಲವೆಂದು ಇದ್ದಾರೆಯೋ? ಒಳ್ಳೆಯವರೇ. ಜ್ವರ ಬಂದಾಗ ಕಷಾಯ ಕಾಸಿ ಕೊಟ್ಟವರು. ಆದರೆ ಪಂಜರದಲ್ಲಿರುವ ಗಿಳಿ ಹಣ್ಣು ತಿಂದರೆ ಅದು ಪ್ರೀತಿ ಎಂದು ಹೇಗೆ ಹೇಳುವುದು? ಕಂದು ಸೂಟ್‌ಕೇಸು ಅಟ್ಟದ ಮೇಲಿತ್ತು. ವರ್ಷಕ್ಕೊಮ್ಮೆ ಗೌರಿಹಬ್ಬದ ಮುಂಚೆ ಅಟ್ಟ ಗುಡಿಸುವಾಗ ಅದನ್ನು ಒರೆಸಿ, ಮತ್ತೆ ಅಲ್ಲಿಯೇ ಇಡುತ್ತಿದ್ದೆ.

ಅಪ್ಪ ಹೋದರು. ರಂಗತ್ತೆಯೂ ಹೋದಳು. ಸೋಮವಾರ ಸೋಮವಾರ ಅಪ್ಪನ ಕಂಠ ರಾಯನ ರಬ್ಬರು ಬಾಯಿಯಿಂದ ಬರುತ್ತಿತ್ತು. ನಾನು ಹೋಗಿ ಎದುರಿಗೆ ಕುಳಿತು ಕೇಳಿ ಬರುತ್ತಿದ್ದೆ. ಆಮೇಲೆ ಶೆಟ್ಟರ ಮೊಮ್ಮಗಳು ಶರ್ವಾಣಿ ಪಾರ್ಕಿನ ಆಡಳಿತ ವಹಿಸಿಕೊಂಡಳು. ಚುರುಕು ಹುಡುಗಿ. ಒಂದು ದಿನ ನಮ್ಮ ಮನೆಗೆ ಬಂದು ಕಾಫಿ ಕುಡಿಯುತ್ತ ಹೇಳಿದಳು: "ಅಂಕಲ್, ಹಳೇ ಬೊಂಬೆ ಸಾಕು. ಆನೆ ಕಿವಿ ಮೊನ್ನೆ ಮಗೂ ತಲೆ ಮೇಲೆ ಬಿತ್ತು. ಹೊಸದಕ್ಕೆ ಆರ್ಡರ್ ಕೊಟ್ಟಿದೀನಿ. ಅವಕ್ಕೆ ಗಾಳಿ ಬೇಡ, ಕರೆಂಟ್ ಸಾಕು. ಸುಸ್ಸ್ ಅನ್ನಲ್ಲ. ನರಸಯ್ಯತಾತನ ಹಳೇ ಟೇಪನ್ನೇ ಹೊಸ ಮಷೀನಿಗೆ ಹತ್ತಿಸ್ತಾರಂತೆ, ಒಂದೊಂದಕ್ಷರವೂ ಗಂಟೆ ಹೊಡ್ದಂಗೆ ಕೇಳತ್ತಂತೆ."

ಸುದ್ದಿ ಊರಿಗೆ ಹಬ್ಬಲು ಹೊತ್ತಾಗಲಿಲ್ಲ. ದಕಾರ ಬರುತ್ತದೆ! ದಕಾರ ಬಂದರೆ ಅಳಿಯನಿಲ್ಲ. ಅಳಿಯನಿಲ್ಲದಿದ್ದರೆ ಬಸ್ಸು ಹೊರಡುತ್ತದೆ. ಅಂಗಡಿಗಳಲ್ಲಿ ಬ್ಯಾಗುಗಳು ಖರ್ಚಾದವು. ನಡುವಯಸ್ಸಿನ ಅಳಿಯಂದಿರು ಕೆರೆಯೇರಿಯ ಮೇಲೆ ಗುಂಪುಗುಂಪಾಗಿ ನಿಂತು, ತಮ್ಮ ತಮ್ಮ ಊರಿನ ಹೋಟೆಲುಗಳಲ್ಲಿ ಯಾವ ತಿಂಡಿ ಚೆನ್ನಾಗಿರುತ್ತಿತ್ತೆಂದು ಮಾತಾಡಿಕೊಂಡರು. ಅತ್ತೆಯಂದಿರು "ಹೋದ್ರೆ ಹೋಗ್ಲಿ, ಕೋಣೆ ಖಾಲಿಯಾಗತ್ತೆ" ಎನ್ನುತ್ತ ಸೆರಗಿನಿಂದ ಮೂಗು ಒರೆಸಿಕೊಂಡರು.

ನಮ್ಮವರು ಟೇಪನ್ನು ಕಂಪನಿಗೆ ಕಳಿಸುವ ಮುಂಚೆ ಬೂಷ್ಟು ಒರೆಸಬೇಕೆಂದು ಪೆಟ್ಟಿಗೆಯನ್ನೂ ದೊಡ್ಡ ಚಕ್ರದ ಮಷೀನನ್ನೂ ಮನೆಗೆ ತಂದರು. ಅಟ್ಟ ಹತ್ತಿ ಸೂಟ್‌ಕೇಸು ಇಳಿಸಿದರು. ಮಧ್ಯಾಹ್ನ ಊಟವಾದ ಮೇಲೆ ಅಳಿಯನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಒಳಗಿನಿಂದ ಹಾರ್ಮೋನಿಯಂನ ಒಂದೇ ಒಂದು ಸ್ವರ ಬಹಳ ಹೊತ್ತು ಕೇಳಿಬಂತು. ಎರಡನೆಯ ಕಪ್ಪು ಕೀ, ಅದು ಅಪ್ಪನ ಶ್ರುತಿ. ಆಮೇಲೆ, "ಗೋದಿ" ಎಂದರು.

ನಾನು ಬಾಗಿಲ ಹತ್ತಿರ ಹೋಗಿ, "ಏನು ಬೇಕಿತ್ತು?" ಎಂದೆ.

"ಏನಿಲ್ಲ. ನಿನ್ನ ಕರೀಲಿಲ್ಲ."

ಅಡುಗೆಮನೆಗೆ ಬಂದೆ. ಮತ್ತೆ "ಗೋದಿ". ಸ್ವಲ್ಪ ತಡೆದು, ಇನ್ನೊಂದು ಎಳೆತದಲ್ಲಿ "ಗೋದೀ". ನಾನು ಹೋಗಲಿಲ್ಲ. ಹೊರಡುವ ವಿಷಯವನ್ನು ನನಗೆ ಹೇಗೆ ಹೇಳಬೇಕೆಂದು ಅಭ್ಯಾಸ ಮಾಡುತ್ತಿದ್ದಾರೆ ಎಂದುಕೊಂಡೆ. ಹೆಸರಿನಿಂದ ಶುರುಮಾಡುತ್ತಾರೆ, ಮುಂದಕ್ಕೆ ಮಾತು ಬರುತ್ತಿಲ್ಲ. ಹೆಸರುಕಾಳು ಆರಿಸುತ್ತ ಕುಳಿತೆ. ಕಲ್ಲು ಯಾವುದು, ಕಾಳು ಯಾವುದು ತಿಳಿಯಲಿಲ್ಲ. ಆ ರಾತ್ರಿಯ ಊಟದಲ್ಲಿ ಇಬ್ಬರಿಗೂ ಕಲ್ಲು ಸಿಕ್ಕಿತು, ಇಬ್ಬರೂ ಸುಮ್ಮನೆ ಉಂಡೆವು.

ಹೊಸ ದರ್ಬಾರು ಶುರುವಾದ ದಿನ ಊರಿಗೆ ಊರೇ ಸೇರಿತ್ತು. ಅಳಿಯಂದಿರೆಲ್ಲ ಬ್ಯಾಗು ಹಿಡಿದು ಬಂದಿದ್ದರು. ಬಸ್ಸು ಪಾರ್ಕಿನ ಬಾಗಿಲಿನಲ್ಲಿ ನಿಂತಿತ್ತು. ನಮ್ಮವರು ನನ್ನ ಪಕ್ಕದಲ್ಲಿ ಕುಳಿತಿದ್ದರು. ಮಡಿಲಲ್ಲಿ ಕಂದು ಸೂಟ್‌ಕೇಸು. ನಾನು ಕಣ್ಣು ಮುಚ್ಚಿದೆ. ಓದು ಶುರುವಾಯಿತು. ಅಪ್ಪನ ಕಂಠದ ಒಳಗಿನ ತೇವ ಕೂಡ ಕೇಳಿಸುವಷ್ಟು ಹತ್ತಿರ. ಹೊಳೆಯ ದೋಣಿ ದಡ ಸೇರಿತು, ಬಳೆಯ ಕೈಗಳ ಕಣಜ ತುಂಬಿತು. ರಾಯನ ಕೈ ಒಂದು ಚೂರೂ ಸದ್ದಿಲ್ಲದೆ ಎದ್ದಿತು. "ಅಳಿಯ-ದಿ-ರಲೀ ನಮ್ಮ ಊರಿನ."

ದಕಾರ ಬಂತು. ಸಭೆ ಹೋ ಎಂದು ಎದ್ದಿತು. ನನಗೆ ಮಾತ್ರ, ಅಷ್ಟು ಜನರ ನಡುವೆ ಯಾರೋ ನನ್ನ ಹೆಸರು ಹಿಡಿದು ಅರ್ಧ ಕರೆದು ಬಿಟ್ಟಂತಾಯಿತು. ಶ್ರುತಿ ಅಪ್ಪನದೇ. ಹಿಂದಿನ ಯ ಅಪ್ಪನದು, ಮುಂದಿನ ರ ಅಪ್ಪನದು. ಆದರೆ ಆ ದಿ ಅಪ್ಪನದಲ್ಲ. ಅದನ್ನು ನಾನು ದಿನಬೆಳಗಾದರೆ ಕೇಳಿದವಳು. ಇಡೀ ಲೋಕದಲ್ಲಿ ಒಬ್ಬರೇ ಒಬ್ಬರು ನನ್ನನ್ನು ಹಾಗೆ ಕರೆಯುವುದು. ಕಣ್ಣು ತೆರೆದು ತಿರುಗಿದೆ. ಪಕ್ಕದ ಕುರ್ಚಿ ಖಾಲಿಯಾಗಿತ್ತು.

ಹೊರಗೆ ಬಂದಾಗ ಬಸ್ಸು ತುಂಬಿ ತುಳುಕುತ್ತಿತ್ತು. ಕಿಟಕಿಯ ಹತ್ತಿರ ನಮ್ಮವರು ಕುಳಿತಿದ್ದರು. ಹಾಲಪ್ಪನಿಗೆ ವಯಸ್ಸಾಗಿತ್ತು, ಆದರೂ ಅದೇ ಸೀಟಿ. "ಅಳಿಯಂದ್ರು ಯಾರಾದ್ರೂ ಇದೀರಾ?" ಎಂದ. "ಎಲ್ಲರೂ ಇದೀವಿ!" ಎಂದು ಒಳಗಿನಿಂದ ಒಕ್ಕೊರಲಾಗಿ ಕೂಗಿದರು. ಡ್ರೈವರು ಕೀಲಿ ತಿರುಗಿಸಿದ. ಬಸ್ಸು ಹೊರಟಿತು. ಹೊರಟೇ ಹೋಯಿತು. ಧೂಳು ಅಡಗುವವರೆಗೆ ಹೆಂಗಸರೆಲ್ಲ ನಿಂತಿದ್ದು, ಆಮೇಲೆ ಮನೆಗಳಿಗೆ ಹೋದೆವು.

ಮನೆಗೆ ಬಂದು ದೇವರಿಗೆ ದೀಪ ಹಚ್ಚಿದೆ. ಅಕ್ಕಿ ತೊಳೆಯಲು ಕುಳಿತವಳು ಎಷ್ಟು ಹಾಕಬೇಕೆಂದು ತಿಳಿಯದೆ ಕೈಯಲ್ಲಿ ಹಿಡಿದುಕೊಂಡೇ ಇದ್ದೆ. ಅಷ್ಟರಲ್ಲಿ ಹಿತ್ತಿಲ ಬಚ್ಚಲಲ್ಲಿ ನೀರು ಸುರಿದುಕೊಳ್ಳುವ ಸದ್ದಾಯಿತು. ನೋಡಿದರೆ ನಮ್ಮವರು ಕಾಲು ತೊಳೆಯುತ್ತಿದ್ದರು. ಮೊಣಕಾಲಿನವರೆಗೆ ಧೂಳು. ಸೂಟ್‌ಕೇಸು ತುಳಸಿಕಟ್ಟೆಯ ಮೇಲಿತ್ತು.

ಒಳಗೆ ಬಂದು ಕುಳಿತರು. ನಾನು ನೀರು ಕೊಟ್ಟೆ. ಕುಡಿದಾದ ಮೇಲೆ, "ಆ ದಿ ಯಾರದ್ದು?" ಎಂದೆ.

ಅವರು ಲೋಟ ಕೆಳಗಿಟ್ಟರು. "ಗೊತ್ತಾಯ್ತಾ?"

"ಕಿವಿ ಇದೆ ನನಗೆ."

"ಬೇರೆ ಯಾರಿಗಾದ್ರೂ…"

"ಅವರನ್ಯಾರನ್ನೂ ನೀವು ಹಾಗೆ ಕರೆದಿಲ್ಲವಲ್ಲ."

ಗೋಡೆ ನೋಡುತ್ತ ಹೇಳಿದರು. ಮದುವೆಯಾದ ಹೊಸದರಲ್ಲಿ, ಹೇಗಾದರೂ ಊರು ಬಿಟ್ಟು ಹೋಗಬೇಕೆಂದು, ಪಾರ್ಕಿಗೆ ರಜೆಯಿದ್ದ ಒಂದು ಮಧ್ಯಾಹ್ನ ರಾಯನ ಕಂಕುಳು ಬಿಚ್ಚಿ ಕೂತರಂತೆ. ಹಾರ್ಮೋನಿಯಂ ತಿದಿಯ ಚೂರು ಚರ್ಮ ಕತ್ತರಿಸಿ ಹಾಕಿದರೆ ಸದ್ದು ನಿಂತೇಹೋಯಿತಂತೆ. ವಾಷರು ಗೀಷರು ಏನೂ ಬೇಕಾಗಿರಲಿಲ್ಲ. ಖುಷಿಯಿಂದ ಟೇಪು ಹಾಕಿ ಕೇಳಿದರಂತೆ. "ಗಾಳಿ ಸದ್ದಿಲ್ಲ. ಮಾವನವರ ಧ್ವನಿ ಕಣ್ಣೀರಷ್ಟು ತಿಳಿಯಾಗಿ ಬಂತು. ಆದ್ರೆ ಅಲ್ಲಿ ದಕಾರ ಇರ್ಲೇ ಇಲ್ಲ, ಗೋದಿ. ಅವರು ಓದಿದ್ದೇ 'ಅಳಿಯನಿರಲೀ' ಅಂತ. ನಿ. ಸ್ಪಷ್ಟವಾಗಿ ನಿ."

ನಾನು ಕುಳಿತಲ್ಲೇ ಗೋಡೆಗೆ ಒರಗಿದೆ. ಊರಿನ ನಾಲಿಗೆ ಜಾರಬಾರದೆಂದು ಅರ್ಧ ಮಾತ್ರೆಯನ್ನೂ ಬಿಡದ ಅಪ್ಪ. ನಾನು ಎದುರಿಗಿಲ್ಲದ ಆ ಒಂದು ದಿನ. ತಪ್ಪಿದ್ದೋ, ತಪ್ಪಿಸಿದ್ದೋ. ಮನಸ್ಸಿನಲ್ಲೇ ಸಾಲನ್ನು ಎರಡು ಸಲ ಹೇಳಿಕೊಂಡೆ. ದಿ ಇದ್ದರೂ ಅಷ್ಟೇ, ನಿ ಇದ್ದರೂ ಅಷ್ಟೇ, ಲೆಕ್ಕ ಕೂಡುತ್ತದೆ. ಅಪ್ಪ ಪಾಪವನ್ನೇ ಮಾಡಿದ್ದರೂ ಛಂದಸ್ಸು ಕೆಡಿಸಿ ಮಾಡಿರಲಿಲ್ಲ.

"ಮತ್ತೆ ನೀವು?"

"ಏನ್ ಮಾಡ್ಲಿ? ಓದೋರು ಬೇಕಂತ ಪದ ತಿರುಗಿಸಿದ್ರು ಅಂತ ಊರಿಗೆ ಗೊತ್ತಾದ್ರೆ ಅವರನ್ನ ಜೀವಸಹಿತ ಬಿಡ್ತಿದ್ರಾ? ಚರ್ಮ ಕಿತ್ತು ಹಾಕಿ, ತೂತು ಇನ್ನೊಂಚೂರು ದೊಡ್ಡದು ಮಾಡಿ ಬಂದೆ. ಸದ್ದು ಕಡಿಮೆಯಾದಾಗೆಲ್ಲ ದೊಡ್ಡದು ಮಾಡ್ತಿದ್ದೆ. ಬೊಂಬೆ ನುಂಗಿತು ಅಂತಿರ್ಲಿ ಅಂತ." ಅಪ್ಪ ಸಾರು ಬಡಿಸಲು ಹೇಳುತ್ತಿದ್ದುದು ನನಗೆ ನೆನಪಾಯಿತು. "ಈಗ ಶರ್ವಾಣಿ ಮಷೀನು ಬಂದ್ರೆ ಎಲ್ಲಾ ಬಯಲಾಗ್ತಿತ್ತು. ಅದಕ್ಕೇ ಮಾವನವರ ನಿ ಕತ್ತರಿಸಿ ತೆಗ್ದು, ಅಲ್ಲಿ ನನ್ನದೊಂದು ದಿ ಅಂಟಿಸ್ದೆ. ಬರೀ ದಿ ಅಂತ ಹೇಳಿದ್ರೆ ಖಾಲಿ ಖಾಲಿ ಬರ್ತಿತ್ತು, ಜೀವ ಇರ್ಲಿಲ್ಲ. ನಿನ್ನ ಹೆಸರು ಹೇಳಿ, ಹಿಂದಿನರ್ಧ ತಗೊಂಡೆ."

ಎದ್ದು ಹೋಗಿ ಸೂಟ್‌ಕೇಸು ತಂದು ತೆರೆದರು. ಒಳಗೆ ಒಂದು ಬಟ್ಟೆಯೂ ಇರಲಿಲ್ಲ. ಬ್ಲೇಡು, ಅಂಟಿನ ಸುರುಳಿ, ಒಂದು ಕಾಗದದ ಮಡಿಕೆ. ಮಡಿಕೆ ಬಿಚ್ಚಿದರೆ ಉಗುರಿನಷ್ಟು ಉದ್ದದ ಕಂದು ಟೇಪಿನ ಚೂರುಗಳು. "ಇದು ನಿಮ್ಮಪ್ಪನ ನಿ. ಇದು ನನ್ನ ಗೋ, ಮಿಕ್ಕಿದ್ದು." ನಾನು ಅವನ್ನು ಕುಂಕುಮದ ಭರಣಿಯೊಳಗೆ ಹಾಕಿ ದೇವರ ಮುಂದಿಟ್ಟೆ. ಈಗಲೂ ಅಲ್ಲಿವೆ. ಅವನ್ನು ಓದಿಸಲು ಮಷೀನಿಲ್ಲ, ಓದಿಸದಿರುವುದೇ ಕ್ಷೇಮ.

ದಿನಕಳೆದಂತೆ ಅಳಿಯಂದಿರಲ್ಲಿ ಕೆಲವರು ತಮ್ಮೂರಿನಲ್ಲೇ ಉಳಿದರು, ಕೆಲವರು ಹೋಟೆಲು ಮುಚ್ಚಿಹೋಗಿದೆಯೆಂದು ಬೈದುಕೊಳ್ಳುತ್ತ ವಾಪಸಾದರು. ಆ ಸಂಜೆ ಮಾತ್ರ ಬಂದವರು ನಮ್ಮವರೊಬ್ಬರೇ. ಅನ್ನಕ್ಕೆ ಇಟ್ಟು ಬಂದು ಕೇಳಿದೆ, ಅಷ್ಟು ವರ್ಷ ಕೇಳದೆ ಇದ್ದದ್ದನ್ನು: "ಬಸ್ಸು ಹೊರಟಿತ್ತಲ್ಲ. ಯಾಕೆ ಇಳಿದಿರಿ?"

"ಸುಂಕದ ಗೇಟು ದಾಟಿದ ಮೇಲೆ ಇಳ್ದೆ. ಏನೋ ಮರೆತಂಗಾಯ್ತು."

"ಈಗ ಹಾಗಾಗಬಾರದಲ್ಲ. ದಕಾರ ಬಂದಾಯಿತಲ್ಲ."

"ಅದೇ ನಾನೂ ಯೋಚ್ನೆ ಮಾಡ್ದೆ." ಅವರು ಎರಡೂ ಜೇಬು ಇನ್ನೊಮ್ಮೆ ತಡಕಿ ನೋಡಿಕೊಂಡರು. "ಬಸ್ಸೇನೋ ಹೋಗತ್ತೆ, ಗೋದಿ. ಮರೆತಂಗಾಗೋದು ಹೋಗಿಲ್ಲ."